ಹೀಟರ್ ಪ್ಲಗ್ ಪದೇ ಪದೇ ಏಕೆ ಸುಡುತ್ತದೆ?

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಶಹಾಪುರದಲ್ಲಿ ಕಾರಿಗೆ ಹೀಟರ್ ಏಕೆ ಬೇಕು ಎಂದು ಯಾರಾದರೂ ನಗಬಹುದು. ಆದರೆ ಡಿಸೆಂಬರ್, ಜನವರಿ ತಿಂಗಳಲ್ಲಿ ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ಹಳೇ ಡೀಸೆಲ್ ಕಾರು ಸ್ಟಾರ್ಟ್ ಮಾಡಿದವರು ನಗುವುದಿಲ್ಲ. ಸೆಲ್ಫ್ ತಿರುಗುತ್ತದೆ, ಹಿಂದೆ ಬಿಳಿ ಹೊಗೆ ಬರುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಇನ್ನೂ ನಾಲ್ಕು ಸಲ ಸೆಲ್ಫ್ ಹೊಡೆದರೆ ಬ್ಯಾಟರಿಯೂ ಕೂತುಬಿಡುತ್ತದೆ. ಇದಕ್ಕೆ ಬಹಳ ಸಲ ಕಾರಣ ಹೀಟರ್ ಪ್ಲಗ್. ಪುಸ್ತಕದಲ್ಲಿ ಅದರ ಹೆಸರು ಗ್ಲೋ ಪ್ಲಗ್. ಗ್ಯಾರೇಜಿನಲ್ಲಿ ಎಲ್ಲರೂ ಹೀಟರ್ ಪ್ಲಗ್ ಎನ್ನುತ್ತಾರೆ, ನಾನೂ ಹಾಗೆಯೇ ಬರೆಯುತ್ತೇನೆ.

ಕಾಮರ್ಸ್ ಓದುವವನಿಗೆ ಎಂಜಿನ್ ಉಸಾಬರಿ ಏಕೆ ಎಂದು ಕೇಳಬೇಡಿ. ನನ್ನ ಚಾಚಾ ಬಾಡಿಗೆ ಕಾರು ಓಡಿಸುತ್ತಾರೆ, ಅದರ ಖರ್ಚಿನ ಪುಸ್ತಕ ಬರೆಯುವುದು ನನ್ನ ಕೆಲಸ. ನಮ್ಮ ಊರಿನಲ್ಲಿ ರೈಲು ನಿಲ್ದಾಣ ಇಲ್ಲ. ಬೆಳಗಿನ ರೈಲು ಹಿಡಿಯುವವರು ಯಾದಗಿರಿಗೆ ಹೋಗಬೇಕು, ಕಲಬುರಗಿಯ ಆಸ್ಪತ್ರೆಗೆ ಹೋಗುವವರೂ ನಸುಕಿನಲ್ಲೇ ಹೊರಡುತ್ತಾರೆ. ಚಾಚಾ ಅವರ ಬಾಡಿಗೆಯಲ್ಲಿ ಹೆಚ್ಚಿನದು ಫಜರ್ ಅಜಾನ್‌ಗೂ ಮೊದಲಿನದು. ಆ ಹೊತ್ತಿಗೆ ಕಾರು ಹಿಡಿಯದಿದ್ದರೆ ಒಂದು ಬಾಡಿಗೆ ಹೋಗುವುದಷ್ಟೇ ಅಲ್ಲ, ಆ ಗಿರಾಕಿ ಮತ್ತೆ ಫೋನ್ ಮಾಡುವುದಿಲ್ಲ. ಹೋದ ಚಳಿಗಾಲ ನನ್ನ ಪುಸ್ತಕದಲ್ಲಿ ಮೂರು ಸಲ ಒಂದೇ ಸಾಲು ಬಂತು: "ಹೀಟರ್ ಪ್ಲಗ್, 4". ಮೂರನೇ ಸಲ ಬರೆಯುವಾಗ ಇದು ಖರ್ಚಿನ ಸಾಲಲ್ಲ, ಪ್ರಶ್ನೆಯ ಸಾಲು ಅನ್ನಿಸಿತು. ಅದರ ಉತ್ತರ ಹುಡುಕುತ್ತ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ಹಳೇ ಡೀಸೆಲ್ ಗಾಡಿ ಇರುವ ಮನೆಗಳು ನಮ್ಮ ಕಾಲೇಜಿನಲ್ಲಿ ಕಡಿಮೆ ಇಲ್ಲ.

ಹೀಟರ್ ಪ್ಲಗ್ ಮಾಡುವ ಕೆಲಸ

ಪೆಟ್ರೋಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಿ ಇಂಧನಕ್ಕೆ ಬೆಂಕಿ ಹಚ್ಚುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲ. ಪಿಸ್ಟನ್ ಗಾಳಿಯನ್ನು ಬಹಳ ಚಿಕ್ಕ ಜಾಗಕ್ಕೆ ಒತ್ತುತ್ತದೆ. ಸೈಕಲ್ ಪಂಪ್ ಹೊಡೆದಾಗ ಅದರ ತುದಿ ಬಿಸಿಯಾಗುತ್ತದಲ್ಲ, ಹಾಗೆ ಒತ್ತಿದ ಗಾಳಿ ಕಾಯುತ್ತದೆ. ಆ ಕಾದ ಗಾಳಿಗೆ ನಾಝಲ್ ಡೀಸೆಲ್ ಸಿಂಪಡಿಸಿದಾಗ ಅದು ತಾನಾಗಿ ಹತ್ತಿಕೊಳ್ಳುತ್ತದೆ.

ಎಂಜಿನ್ ತಣ್ಣಗಿದ್ದಾಗ ಈ ಲೆಕ್ಕ ತಪ್ಪುತ್ತದೆ. ಒತ್ತಿದ ಗಾಳಿಯ ಬಿಸಿಯನ್ನು ಸುತ್ತಲಿನ ತಣ್ಣನೆಯ ಲೋಹ ಹೀರಿಕೊಳ್ಳುತ್ತದೆ. ಸೆಲ್ಫ್ ನಿಧಾನ ತಿರುಗಿದರೆ ಗಾಳಿ ರಿಂಗಿನ ಸಂದಿಯಿಂದ ಸೋರುತ್ತದೆ. ಹತ್ತದ ಡೀಸೆಲ್ಲೇ ಬಿಳಿ ಹೊಗೆಯಾಗಿ ಹೊರಗೆ ಬರುವುದು. ಆಗ ಸಹಾಯಕ್ಕೆ ಬರುವುದು ಹೀಟರ್ ಪ್ಲಗ್. ಪೆನ್ಸಿಲ್ಲಿಗಿಂತ ತೆಳುವಾದ ಅದರ ಲೋಹದ ತುದಿ ಕೆಲವೇ ಸೆಕೆಂಡುಗಳಲ್ಲಿ ಕೆಂಪಗೆ ಕಾದು 800 ಡಿಗ್ರಿ ದಾಟುತ್ತದೆ.

ಎಲ್ಲ ಡೀಸೆಲ್ ಎಂಜಿನ್ನುಗಳಿಗೂ ಇದರ ಅಗತ್ಯ ಒಂದೇ ಸಮ ಇಲ್ಲ. 1994ರಲ್ಲಿ ಬಂದ ಟಾಟಾ ಸುಮೋ, 1998ರ ಇಂಡಿಕಾ, 2000ದಲ್ಲಿ ಬಂದ ಟೊಯೊಟಾ ಕ್ವಾಲಿಸ್ ಇಂಥ ಕಾರುಗಳ ಮೊದಲ ಡೀಸೆಲ್ ಎಂಜಿನ್ನುಗಳಲ್ಲಿ ಡೀಸೆಲ್ ನೇರ ಪಿಸ್ಟನ್ ಮೇಲೆ ಬೀಳುವುದಿಲ್ಲ. ಪಕ್ಕದ ಒಂದು ಚಿಕ್ಕ ಕೋಣೆಯಲ್ಲಿ ಹತ್ತಿಕೊಂಡು ನಂತರ ಒಳಗೆ ಬರುತ್ತದೆ. ಆ ಕೋಣೆಯ ಗೋಡೆಗಳು ಹೆಚ್ಚು ಬಿಸಿ ಹೀರುತ್ತವೆ. ಆದ್ದರಿಂದ ನಮ್ಮ ಊರಿನ ಸಾಧಾರಣ ಚಳಿಯಲ್ಲೂ ಅವಕ್ಕೆ ಹೀಟರ್ ಬೇಕೇ ಬೇಕು. 2007ರ ಸ್ವಿಫ್ಟ್ ಡೀಸೆಲ್‌ನಂಥ ನಂತರದ ಕಾಮನ್ ರೇಲ್ ಕಾರುಗಳಲ್ಲಿ ಡೀಸೆಲ್ ನೇರ ಒಳಗೇ ಬೀಳುತ್ತದೆ. ಒಂದು ಪ್ಲಗ್ ಸತ್ತರೂ ಅವು ನಮ್ಮ ಕಡೆಯ ಹವೆಯಲ್ಲಿ ಹೇಗೋ ಸ್ಟಾರ್ಟ್ ಆಗುತ್ತವೆ.

ಪ್ಲಗ್ಗಿನ ಒಳಗೆ ಏನಿದೆ?

ತುದಿ ಮುಚ್ಚಿದ ಒಂದು ಲೋಹದ ಕೊಳವೆ, ಅದರೊಳಗೆ ತಂತಿಯ ಸುರುಳಿ, ಸುತ್ತ ಗಟ್ಟಿಯಾಗಿ ತುಂಬಿದ ಮೆಗ್ನೀಷಿಯಂ ಆಕ್ಸೈಡ್ ಪುಡಿ. ಈ ಪುಡಿ ಬಿಸಿಯನ್ನು ದಾಟಿಸುತ್ತದೆ, ಕರೆಂಟನ್ನು ದಾಟಿಸುವುದಿಲ್ಲ. ಒಳ್ಳೆಯ ಪ್ಲಗ್ಗಿನಲ್ಲಿ ಎರಡು ಸುರುಳಿ ಇರುತ್ತವೆ. ಒಂದು ಕಾಯುವುದು, ಇನ್ನೊಂದು ಕಾವಲುಗಾರ. ಬಿಸಿ ಏರಿದಂತೆ ಕಾವಲುಗಾರ ಸುರುಳಿಯ ರೋಧ ಹೆಚ್ಚುತ್ತದೆ, ಕರೆಂಟು ತಾನಾಗಿ ಇಳಿಯುತ್ತದೆ. ಅಗ್ಗದ ನಕಲಿ ಮಾಲಿನಲ್ಲಿ ಈ ಕಾವಲುಗಾರನೇ ಇಲ್ಲದಿರಬಹುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ರೀತಿ ಕಾಣುತ್ತವೆ.

ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಟೈಮರ್ ಇರುವ ರಿಲೇ ನೋಡಿಕೊಳ್ಳುತ್ತದೆ. ಕೀ ತಿರುಗಿಸಿದಾಗ ಡ್ಯಾಶ್‌ಬೋರ್ಡಿನಲ್ಲಿ ಸುರುಳಿ ಆಕಾರದ ದೀಪ ಹತ್ತುತ್ತದೆ, ಅದು ಆರಿದ ಮೇಲೆ ಸೆಲ್ಫ್ ಹೊಡೆಯಬೇಕು. ಕೆಲವು ಕಾರುಗಳಲ್ಲಿ ಹೊಗೆ ಕಡಿಮೆ ಮಾಡಲು ಸ್ಟಾರ್ಟ್ ಆದ ಮೇಲೂ ಸ್ವಲ್ಪ ಹೊತ್ತು ಕರೆಂಟು ಹೋಗುತ್ತದೆ. ಅಂಥ ಕಾರಿಗೆ ಅದನ್ನು ತಾಳುವ ಪ್ಲಗ್ಗನ್ನೇ ಹಾಕಬೇಕು.

ಬೇಗ ಸುಡಲು ಕಾರಣಗಳು

ಸರಿಯಾದ ಪ್ಲಗ್ ಸರಿಯಾದ ಎಂಜಿನ್ನಿನಲ್ಲಿ ವರ್ಷಗಟ್ಟಲೆ ಬಾಳುತ್ತದೆ. ವಾರಗಳಲ್ಲಿ ಸುಟ್ಟರೆ ಅದನ್ನು ಸುಡುವುದು ಬೇರೆ ಏನೋ ಇದೆ ಎಂದೇ ತಿಳಿಯಬೇಕು.

1. ಕರೆಂಟು ನಿಲ್ಲದಿರುವುದು. ರಿಲೇಯ ಒಳಗಿನ ಪಾಯಿಂಟುಗಳು ಸುಟ್ಟು ಅಂಟಿಕೊಂಡರೆ ಎಂಜಿನ್ ಓಡುವಾಗಲೂ ಪ್ಲಗ್ ಕಾಯುತ್ತಲೇ ಇರುತ್ತದೆ. ಒಳಗೆ ಡೀಸೆಲ್ ಉರಿಯುವ ಬೆಂಕಿ, ಮೇಲೆ ಕರೆಂಟಿನ ಬಿಸಿ, ಎರಡೂ ಸೇರಿ ತುದಿ ಉಬ್ಬುತ್ತದೆ.

2. ವೋಲ್ಟೇಜ್ ಹೆಚ್ಚಾಗುವುದು. ಎಂಜಿನ್ ಓಡುವಾಗ ಆಲ್ಟರ್ನೇಟರ್ ಸಾಮಾನ್ಯವಾಗಿ 14 ವೋಲ್ಟಿನ ಆಸುಪಾಸು ಕೊಡುತ್ತದೆ. ಅದರ ರೆಗ್ಯುಲೇಟರ್ ಕೆಟ್ಟರೆ 15 ದಾಟುತ್ತದೆ. ಸೈನ್ಸ್ ಗೆಳೆಯರಿಗೆ ಗೊತ್ತು, ರೋಧ ಅಷ್ಟೇ ಇದ್ದರೆ ಬಿಸಿ ವೋಲ್ಟೇಜಿನ ವರ್ಗದಂತೆ ಏರುತ್ತದೆ. 12ರ ಜಾಗದಲ್ಲಿ 15 ಬಂದರೆ ವೋಲ್ಟೇಜ್ ಹೆಚ್ಚಿದ್ದು ಕಾಲು ಪಾಲು, ಬಿಸಿ ಹೆಚ್ಚಿದ್ದು ಅರ್ಧಕ್ಕಿಂತ ಜಾಸ್ತಿ.

3. ಬೇರೆ ಕಾರಿನ ಪ್ಲಗ್. ಚೂಡಿ ಹೊಂದಿತೆಂದು ಹಾಕಿಬಿಡುತ್ತಾರೆ. ತುದಿ ಉದ್ದವಾದರೆ ಡೀಸೆಲ್ಲಿನ ಧಾರೆಗೇ ಅಡ್ಡ ಬರುತ್ತದೆ. ಹೊಸ ಮಾದರಿಯ ಕೆಲವು ಪ್ಲಗ್ಗುಗಳು 5 ಅಥವಾ 7 ವೋಲ್ಟಿನವು, ಹಳೇ ಕಾರಿನ 12 ವೋಲ್ಟಿಗೆ ಅವು ಸೆಕೆಂಡುಗಳಲ್ಲಿ ಸುಡುತ್ತವೆ.

4. ನಾಝಲ್ ದೋಷ. ಡೀಸೆಲ್ ಮಂಜಿನಂತೆ ಸಿಂಪಡಿಸಬೇಕಾದ ನಾಝಲ್ ತೊಟ್ಟಿಕ್ಕತೊಡಗಿದರೆ ತುದಿಯ ಹತ್ತಿರವೇ ಬೆಂಕಿ ನಿಲ್ಲುತ್ತದೆ. ಪಂಪಿನ ಟೈಮಿಂಗ್ ಮುಂದಾಗಿದ್ದರೂ ಬಿಸಿ ಮಿತಿ ಮೀರುತ್ತದೆ.

5. ಅತಿಯಾಗಿ ಬಿಗಿ ಮಾಡುವುದು. ಪ್ಲಗ್ಗಿನ ಮೈ ತೆಳು. ದೊಡ್ಡ ಪಾನಾ ಹಾಕಿ ಒತ್ತಿದರೆ ಒಳಗಿನ ಸಂದಿ ಮುಚ್ಚಿ ಶಾರ್ಟ್ ಆಗುತ್ತದೆ, ಇಲ್ಲವೇ ಮುಂದಿನ ಸಲ ಬಿಚ್ಚುವಾಗ ಮುರಿದು ಹೆಡ್ಡಿನಲ್ಲೇ ಉಳಿಯುತ್ತದೆ. ಆಮೇಲೆ ಹೆಡ್ ಇಳಿಸುವ ಖರ್ಚು.

6. ಸೋತ ಬ್ಯಾಟರಿ. ಸೆಲ್ಫ್ ನಿಧಾನ ತಿರುಗುತ್ತದೆ, ಡ್ರೈವರ್ ಮತ್ತೆ ಮತ್ತೆ ಹೀಟರ್ ಹಾಕುತ್ತಾನೆ. ತಪ್ಪು ಬ್ಯಾಟರಿಯದು, ಶಿಕ್ಷೆ ಪ್ಲಗ್ಗಿಗೆ.

ಸುಟ್ಟ ಪ್ಲಗ್ಗೇ ಸಾಕ್ಷಿ

ಹೊಸದನ್ನು ಹಾಕುವ ಗಡಿಬಿಡಿಯಲ್ಲಿ ಹಳೆಯದನ್ನು ಎಸೆಯುತ್ತಾರೆ. ಎಸೆಯಬಾರದು. ನಾಲ್ಕನ್ನೂ ಯಾವ ಸಿಲಿಂಡರಿನದು ಯಾವುದು ಎಂದು ಸಾಲಾಗಿ ಇಟ್ಟು ನೋಡಬೇಕು.

ತುದಿ ಉಬ್ಬಿ ಸುಕ್ಕುಗಟ್ಟಿದ್ದರೆ ಕರೆಂಟು ಹೆಚ್ಚು ಹೊತ್ತು ಹರಿದಿದೆ ಅಥವಾ ವೋಲ್ಟೇಜ್ ಜಾಸ್ತಿ ಆಗಿದೆ. ತುದಿ ಕರಗಿ ಮೊಂಡಾಗಿದ್ದರೆ ನಾಝಲ್ ಅಥವಾ ಟೈಮಿಂಗ್ ನೋಡಬೇಕು. ದಪ್ಪ ಮಸಿ ಕಟ್ಟಿದ್ದರೆ ಆಯಿಲ್ ಸುಡುತ್ತಿದೆ ಅಥವಾ ನಾಝಲ್ ಸರಿ ಉರಿಸುತ್ತಿಲ್ಲ. ಇನ್ನೊಂದು ಮುಖ್ಯ ಸುಳಿವು ಎಂದರೆ ಎಷ್ಟು ಪ್ಲಗ್ ಸುಟ್ಟಿವೆ ಎಂಬುದು. ಪ್ರತಿ ಸಲವೂ ಒಂದೇ ಸಿಲಿಂಡರಿನದು ಸುಟ್ಟರೆ ದೋಷ ಆ ಸಿಲಿಂಡರಿನಲ್ಲಿ. ನಾಲ್ಕೂ ಒಟ್ಟಿಗೆ ಸುಟ್ಟರೆ ದೋಷ ನಾಲ್ಕಕ್ಕೂ ಸಮಾನವಾದ ಜಾಗದಲ್ಲಿ, ಅಂದರೆ ರಿಲೇ, ವೈರಿಂಗ್, ಆಲ್ಟರ್ನೇಟರ್ ಅಥವಾ ಕೊಂಡ ಪ್ಲಗ್ಗಿನಲ್ಲೇ ಇದೆ.

ನಮ್ಮ ಕಾರಿನಲ್ಲಿ ಸಿಕ್ಕಿದ್ದು

ಮೊದಲ ಸೆಟ್ ಸುಟ್ಟಾಗ ಮಾಲು ಸರಿ ಇಲ್ಲ ಎಂದರು. ಬೇರೆ ಕಂಪನಿಯದು ಹಾಕಿಸಿದೆವು. ಅದೂ ಸುಟ್ಟಾಗ ಬ್ಯಾಟರಿಯ ಮೇಲೆ ಹೇಳಿದರು. ಮೂರನೆಯದು ಸುಟ್ಟಾಗ ಮನೆಯಲ್ಲಿ ಅಬ್ಬಾ, "ಗಾಡಿ ಮಾರಿಬಿಡು, ಅದು ದುಡಿದದ್ದು ಅದಕ್ಕೇ ಹೋಗ್ತಿದೆ" ಎಂದರು. ಚಾಚಾ ಮಾತಾಡಲಿಲ್ಲ. ಹಳೇ ಕಾರಿಗೆ ಬರುವ ಬೆಲೆಯಲ್ಲಿ ಇನ್ನೊಂದು ಕಾರು ಬರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ನಾನು ಖರ್ಚಿನ ಪುಸ್ತಕ ತೆಗೆದು ತಾರೀಖು ತೋರಿಸಿದೆ. ಮೂರು ಸೆಟ್ಟು, ಎರಡು ಕಂಪನಿ, ಪ್ರತಿಯೊಂದೂ ಐದಾರು ವಾರ. ಮಾಲು ಬೇರೆಯಾದರೂ ಆಯುಷ್ಯ ಒಂದೇ. ಆ ಪುಸ್ತಕ ಮತ್ತು ಸುಟ್ಟ ನಾಲ್ಕು ಪ್ಲಗ್ ಹಿಡಿದು ವೈರಿಂಗ್ ಕೆಲಸ ಮಾತ್ರ ಮಾಡುವ ಒಬ್ಬ ಹಿರಿಯ ಮಿಸ್ತ್ರಿ ಹತ್ತಿರ ಹೋದೆವು. ಅವರು ಉಬ್ಬಿದ ತುದಿಗಳನ್ನು ಬೆರಳಲ್ಲಿ ಸವರಿ, "ಭಾಯ್, ಪ್ಲಗ್ ತಾವಾಗಿ ಸತ್ತಿಲ್ಲ. ಕರೆಂಟ್ ಬಿಟ್ಟೇ ಇಲ್ಲ ನೋಡ್ರಿ ಇವನ್ನ" ಎಂದರು.

ಹಿಂದಿನ ಮಾಲಕರ ಕಾಲದಲ್ಲೇ ಯಾರೋ ಟೈಮರ್ ರಿಲೇ ತೆಗೆದು ಡ್ಯಾಶ್‌ಬೋರ್ಡಿನಲ್ಲಿ ಒಂದು ಬಟನ್ ಕೊಟ್ಟು, ಅದಕ್ಕೆ ಒಂದು ಚಿಕ್ಕ ಸಾದಾ ರಿಲೇ ಹಾಕಿದ್ದರು. ನಾಲ್ಕು ಪ್ಲಗ್ ಒಟ್ಟಿಗೆ ಕಾಯಲು ಶುರುವಾದಾಗ 60 ಆಂಪಿಯರಿಗೂ ಹೆಚ್ಚು ಕರೆಂಟು ಎಳೆಯಬಹುದು. ಆ ಚಿಕ್ಕ ರಿಲೇ ಅಷ್ಟು ತಾಳುವಂಥದ್ದಲ್ಲ. ಅದರ ಪಾಯಿಂಟು ಕರಗಿ ಅಂಟುತ್ತಿತ್ತು, ಗಾಡಿ ತಗ್ಗಿನಲ್ಲಿ ಎಗರಿದಾಗ ಬಿಡುತ್ತಿತ್ತು. ಅದಕ್ಕೇ ಯಾರಿಗೂ ಸಿಕ್ಕಿರಲಿಲ್ಲ. ಬಟನ್ ಬಿಟ್ಟ ಮೇಲೂ ಟೆಸ್ಟ್ ಬಲ್ಬು ಉರಿಯುತ್ತಿದ್ದುದನ್ನು ಮಿಸ್ತ್ರಿ ತೋರಿಸಿದರು. ಸರಿಯಾದ ಟೈಮರ್ ರಿಲೇ, ದಪ್ಪ ವೈರು, ಫ್ಯೂಸು, ಕೂಲಿ ಎಲ್ಲ ಸೇರಿದರೂ ಒಂದು ಸೆಟ್ ಪ್ಲಗ್ಗಿನ ಖರ್ಚಿಗಿಂತ ಕಡಿಮೆ ಆಯಿತು.

ಪರೀಕ್ಷೆಯ ಕ್ರಮ

ಎಂಜಿನ್ ತಣ್ಣಗಿರುವಾಗ, ಕೀ ಆಫ್ ಮಾಡಿ, ಪ್ಲಗ್ಗುಗಳನ್ನು ಜೋಡಿಸುವ ಪಟ್ಟಿಯನ್ನು ಬಿಚ್ಚಬೇಕು. ಮಲ್ಟಿಮೀಟರಿನಲ್ಲಿ ಒಂದೊಂದು ಪ್ಲಗ್ಗಿನ ರೋಧ ನೋಡಬೇಕು. ಸಾಮಾನ್ಯವಾಗಿ ಒಂದು ಓಮ್ ಆಸುಪಾಸು ಅಥವಾ ಅದಕ್ಕೂ ಕಡಿಮೆ ಬರುತ್ತದೆ. ಏನೂ ತೋರಿಸದಿದ್ದರೆ ಸುರುಳಿ ಕಡಿದಿದೆ. ಮೀಟರ್ ಇಲ್ಲದವರು 12 ವೋಲ್ಟಿನ ಟೆಸ್ಟ್ ಬಲ್ಬಿನ ಒಂದು ತುದಿ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ತುದಿ ಪ್ಲಗ್ಗಿನ ಮೇಲೆ ಇಡಬಹುದು. ಬಲ್ಬು ಉರಿಯದಿದ್ದರೆ ಪ್ಲಗ್ ಸತ್ತಿದೆ.

ಪಟ್ಟಿಯನ್ನು ಮತ್ತೆ ಹಾಕಿ, ಬಲ್ಬಿನ ಒಂದು ತುದಿ ಬಾಡಿಗೆ, ಇನ್ನೊಂದು ತುದಿ ಆ ಪಟ್ಟಿಗೆ ಇಟ್ಟು ಕೀ ಆನ್ ಮಾಡಬೇಕು. ಈಗ ಉರಿಯಬೇಕು. ಎಂಜಿನ್ ಸ್ಟಾರ್ಟ್ ಆಗಿ ಹತ್ತು ನಿಮಿಷದ ಮೇಲೆ ಮತ್ತೆ ನೋಡಬೇಕು. ಈಗ ಉರಿಯಬಾರದು. ಬಹಳ ಜನ ಮೊದಲನೆಯದನ್ನು ನೋಡುತ್ತಾರೆ, ಎರಡನೆಯದನ್ನು ಬಿಡುತ್ತಾರೆ. ಪದೇ ಪದೇ ಸುಡುವ ಪ್ಲಗ್ಗಿಗೆ ಎರಡನೆಯದೇ ಮುಖ್ಯ. ಅದೇ ಹೊತ್ತಿಗೆ ಬ್ಯಾಟರಿಯ ಮೇಲೆ ವೋಲ್ಟೇಜನ್ನೂ ನೋಡಿಬಿಡಬೇಕು.

ಎಚ್ಚರಿಕೆಯೂ ಬೇಕು. ಪಟ್ಟಿಯ ಮೇಲೆ ಪಾನಾ ಬಿದ್ದು ಬಾಡಿಗೆ ತಾಗಿದರೆ ಕಿಡಿ ಹಾರಿ ಕೈ ಸುಡುತ್ತದೆ. ಉಂಗುರ, ಲೋಹದ ಪಟ್ಟಿಯ ವಾಚು ತೆಗೆದಿಡಿ. ಪ್ಲಗ್ ಬಿಚ್ಚುವುದು ಎಂಜಿನ್ ಬೆಚ್ಚಗಿದ್ದಾಗ, ಹಿಂದಿನ ದಿನವೇ ಸಂದಿಗೆ ಎಣ್ಣೆ ಬಿಟ್ಟು. ತಿರುಗದಿದ್ದರೆ ಬಲ ಹಾಕದೆ ಮಿಸ್ತ್ರಿಗೆ ಬಿಡಿ. ಇನ್ನು ಸ್ಟಾರ್ಟ್ ಆಗಲಿಲ್ಲವೆಂದು ಗಾಳಿ ಎಳೆಯುವ ಪೈಪಿನ ಹತ್ತಿರ ಬಟ್ಟೆಗೆ ಬೆಂಕಿ ಹಚ್ಚಿ ಹಿಡಿಯುವುದು, ಸ್ಪ್ರೇ ಹೊಡೆಯುವುದು ಬೇಡ. ಕಾದ ಪ್ಲಗ್ ಒಳಗಿರುವಾಗ ಸ್ಪ್ರೇ ಹೊತ್ತಿಕೊಂಡರೆ ಪಿಸ್ಟನ್ನೇ ಒಡೆಯಬಹುದು.

ಲೆಕ್ಕದ ಮಾತು

ನಮ್ಮ ಅಕೌಂಟೆನ್ಸಿ ಕ್ಲಾಸಿನಲ್ಲಿ ರಿಪೇರಿ ಎಂದರೆ ಒಂದು ಖರ್ಚಿನ ಖಾತೆ. ಗಾಡಿ ಓಡಿಸುವವರ ಮನೆಯಲ್ಲಿ ಅದೇ ಖಾತೆ ರೋಗದ ಚೀಟಿಯೂ ಹೌದು. ಮೊತ್ತವನ್ನಷ್ಟೇ ಬರೆದರೆ ಎಷ್ಟು ಹೋಯಿತು ಎಂದು ಗೊತ್ತಾಗುತ್ತದೆ. ತಾರೀಖು, ಕಿಲೋಮೀಟರ್, ಯಾವ ಸಿಲಿಂಡರ್, ಯಾವ ಮಾಲು ಎಂದೂ ಬರೆದರೆ ಏಕೆ ಹೋಯಿತು ಎಂದು ಗೊತ್ತಾಗುತ್ತದೆ. ಮನೆಯಲ್ಲಿ ಹಳೇ ಡೀಸೆಲ್ ಕಾರು, ಜೀಪು ಇರುವ ಗೆಳೆಯರು ಈ ನಾಲ್ಕು ಕಾಲಂ ಹಾಕಿ ಒಂದು ನೋಟ್‌ಬುಕ್ ಇಡಿ. ಹೀಟರ್ ಪ್ಲಗ್ ಮೊದಲ ಸಲ ಸುಟ್ಟರೆ ಹೊಸದು ಹಾಕಿಸಿ. ಅದೇ ಚಳಿಗಾಲದಲ್ಲಿ ಎರಡನೇ ಸಲ ಸುಟ್ಟರೆ ಅಂಗಡಿಗೆ ಹೋಗುವ ಮೊದಲು ಟೆಸ್ಟ್ ಬಲ್ಬು ಹಿಡಿದು ಹತ್ತು ನಿಮಿಷ ಕಾಯಿರಿ.