ಮೋಟಾರು ಕಾರಿನಲ್ಲಿ ಸಂಗೀತ: ವರ್ಧಕಕ್ಕೆ ತಕ್ಕ ಸ್ಪೀಕರು

ಚಳ್ಳಕೆರೆಯ ಶೇಂಗಾ ಹೊಲಗಳನ್ನು ದಾಟಿ ಕುದಾಪುರದ ಕಡೆಗೆ ಸಾಗಿದರೆ ಕಣ್ಣು ಹಾಯುವಷ್ಟು ದೂರವೂ ಹುಲ್ಲುಗಾವಲು. ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ಈ ಕಾವಲಿನಲ್ಲಿ ಇಂದು ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಅಲ್ಲಿಗೆ ನಾವು ಮಿತ್ರರೊಬ್ಬರ ಕಾರಿನಲ್ಲಿ ಹೋಗುತ್ತಿದ್ದೆವು. ಗಾಳಿಯ ಮತ್ತು ಚಕ್ರಗಳ ಮೊರೆತವನ್ನು ಮೀರಿಸಲೆಂದು ಅವರು ಹಾಡಿನ ಸದ್ದನ್ನು ಏರಿಸುತ್ತ ಹೋದರು. ಪಿಟೀಲಿನ ನಾದ ಮೊದಲು ಒರಟಾಯಿತು, ಬಳಿಕ ಮಂಕಾಯಿತು, ತಾಳದ ಕಿಣಿಕಿಣಿ ಅಡಗಿಯೇ ಹೋಯಿತು. ಹೊಸ ಟ್ವೀಟರು ಸುಟ್ಟುಹೋಗಿತ್ತು. “ಸ್ಪೀಕರು 60 ವಾಟಿನದು, ವರ್ಧಕ ಬರಿಯ 50 ವಾಟಿನದು. ಚಿಕ್ಕದು ದೊಡ್ಡದನ್ನು ಸುಡುವುದುಂಟೆ?” ಎಂದು ಅವರು ಕೇಳಿದರು.

ಪ್ರಶ್ನೆ ಸಹಜವಾದುದೇ. ಮೊದಲು ಆ 50 ವಾಟಿನ ಲೆಕ್ಕವನ್ನು ಪರೀಕ್ಷಿಸೋಣ. ಎಂಜಿನು ಓಡುತ್ತಿರುವಾಗ ಕಾರಿನಲ್ಲಿ ದೊರೆಯುವುದು ಸುಮಾರು 14 ವೋಲ್ಟು. ಸ್ಪೀಕರಿನ ರೋಧ ಸಾಮಾನ್ಯವಾಗಿ 4 ಓಮ್. 14ನ್ನು 14ರಿಂದ ಗುಣಿಸಿ 4ರಿಂದ ಭಾಗಿಸಿದರೆ 49 ವಾಟು ಬರುತ್ತದೆ. ಆದರೆ ಇದು ಅಲೆಯ ನೆತ್ತಿಯಲ್ಲಿ ಕ್ಷಣಮಾತ್ರ ಇರುವ ಶಕ್ತಿ. ಶುದ್ಧವಾದ ಅಲೆಯ ಸರಾಸರಿ ಶಕ್ತಿ ಅದರ ಅರ್ಧ, ಎಂದರೆ 25 ವಾಟಿಗಿಂತ ಕಡಮೆ. ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಯ ಗುಟ್ಟು ಇಷ್ಟೇ.

ಇದಕ್ಕಿಂತ ಹೆಚ್ಚನ್ನು ಬೇಡಿದಾಗ ವರ್ಧಕವು ಅಲೆಯ ನೆತ್ತಿಯನ್ನು ಕುಡುಗೋಲಿನಿಂದ ಕೊಯ್ದಂತೆ ಕತ್ತರಿಸುತ್ತದೆ. ಹೀಗೆ ಚಪ್ಪಟೆಯಾದ ಅಲೆಯ ಸರಾಸರಿ ಶಕ್ತಿ ಹೆಚ್ಚುತ್ತದೆ. ಅದು ಪೂರ್ಣ ಚೌಕವಾದರೆ ಇಮ್ಮಡಿಯೇ ಆಗುತ್ತದೆ. ಅಲ್ಲದೆ ಮೂಲದಲ್ಲಿ ಇಲ್ಲದ ಉಚ್ಚ ಕಂಪನಗಳು ಹುಟ್ಟುತ್ತವೆ. ಬಿಡಿಬಿಡಿಯಾಗಿ ಜೋಡಿಸುವ ಸ್ಪೀಕರುಗಳಲ್ಲಿ ಕ್ರಾಸ್‌ಓವರ್ ಎಂಬ ಮಂಡಲವು ಮಂದ್ರಸ್ವರಗಳನ್ನು ವೂಫರಿಗೂ ತಾರಸ್ವರಗಳನ್ನು ಟ್ವೀಟರಿಗೂ ಹಂಚುತ್ತದೆ. ಹೊಸದಾಗಿ ಹುಟ್ಟಿದ ಉಚ್ಚ ಕಂಪನಗಳೆಲ್ಲ ಟ್ವೀಟರಿನ ಪಾಲು. 60 ವಾಟೆಂಬುದು ಇಡೀ ಜೋಡಣೆ ತಾಳುವ ಶಕ್ತಿಯೇ ಹೊರತು ಟ್ವೀಟರೊಂದೇ ತಾಳುವುದಲ್ಲ. ಅದರ ಕೂದಲೆಳೆಯಂಥ ತಂತಿಯ ಸುರುಳಿ ಕಾದು ಸುಡುತ್ತದೆ.

ಆದುದರಿಂದ ಕೊಳ್ಳುವವರು ಗಮನಿಸಬೇಕಾದುದು ‘ಆರ್.ಎಂ.ಎಸ್.’ ಎಂದು ಬರೆದಿರುವ ನಿರಂತರ ಶಕ್ತಿಯನ್ನು. ಸ್ಪೀಕರಿನ ಈ ಅಂಕಿಗೆ ಸರಿಸುಮಾರು ಸಮನಾದ ವರ್ಧಕ ಲೇಸು. ಅಂಥ ಪ್ರತ್ಯೇಕ ವರ್ಧಕವು ಒಳಗೇ ವೋಲ್ಟುಗಳನ್ನು ಏರಿಸಿಕೊಳ್ಳುತ್ತದೆ. 60 ವಾಟಿನ ಎರಡು ಸ್ಪೀಕರುಗಳಿಗೆ 120 ವಾಟು ಬೇಕು. ವರ್ಧಕದ ದಕ್ಷತೆ ನೂರಕ್ಕೆ 60 ಆದರೆ ಬ್ಯಾಟರಿಯಿಂದ 200 ವಾಟು, ಎಂದರೆ 14 ಆಂಪೇರಿಗೂ ಮೀರಿದ ಪ್ರವಾಹ ಹರಿಯಬೇಕು. ತಕ್ಕ ದಪ್ಪದ ತಂತಿಯೂ ಬ್ಯಾಟರಿಯ ಹತ್ತಿರವೇ ಫ್ಯೂಸೂ ಇಲ್ಲದಿದ್ದರೆ ಬೆಂಕಿಯ ಭಯವುಂಟು. ಸ್ವರ ಒರಟಾಯಿತೆಂದರೆ ಒಡನೆ ಸದ್ದನ್ನು ಇಳಿಸಬೇಕು.

ಶಕ್ತಿಯನ್ನು ಇಮ್ಮಡಿಸಿದರೆ ಸದ್ದು ಇಮ್ಮಡಿಯಾಗುವುದೆಂದು ಬಗೆಯಬಾರದು. ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿಯೆನಿಸಲು ಸುಮಾರು ಹತ್ತುಪಟ್ಟು ಶಕ್ತಿ ಬೇಕು. ಆದರೆ ಕಿವಿಗೆ ತಗಲುವ ಹಾನಿಯ ಲೆಕ್ಕವೇ ಬೇರೆ. ಕೆಲಸದ ಸ್ಥಳಗಳಿಗೆ ತಜ್ಞರು ಹಾಕಿರುವ ಮಿತಿ 85 ಡೆಸಿಬೆಲ್ಲಿನಲ್ಲಿ ದಿನಕ್ಕೆ 8 ಗಂಟೆ. 88ರಲ್ಲಿ 4 ಗಂಟೆ. 91ರಲ್ಲಿ ಎರಡೇ ಗಂಟೆ. ಸುಟ್ಟ ಟ್ವೀಟರನ್ನು ಅಂಗಡಿಯಿಂದ ತಂದು ಬದಲಿಸಬಹುದು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ.

ಮಿತ್ರರು ಈಗ ಕಿಟಕಿಯ ಗಾಜನ್ನು ಏರಿಸಿ, ಸದ್ದನ್ನು ಇಳಿಸಿ ಕೇಳುತ್ತಾರೆ. ಪಿಟೀಲು ಮೊದಲಿಗಿಂತ ಇಂಪಾಗಿದೆಯೆಂದು ಅವರೇ ಹೇಳುತ್ತಾರೆ.