ಅತಿಥಿಯ ಅಜ್ಜ ಯಾವ ದೇಶದವರು?

ಭಾರತಕ್ಕೆ ಪ್ರವಾಸಿಗಳಾಗಿ ಬರಬಯಸುವ ವಿದೇಶೀಯರು ತುಂಬಬೇಕಾದ ವೀಸಾ ಅರ್ಜಿಯಲ್ಲಿ ಹೆಸರು, ಹುಟ್ಟಿದ ಊರು, ಉದ್ಯೋಗಗಳ ನಡುವೆ ಒಂದು ಪ್ರಶ್ನೆಯಿದೆ. ನಿಮ್ಮ ತಂದೆ ತಾಯಿ, ಅಜ್ಜ ಅಜ್ಜಿಯರಲ್ಲಿ ಯಾರಾದರೂ ಪಾಕಿಸ್ತಾನದ ಪ್ರಜೆಗಳಾಗಿದ್ದರೇ? ‘ಇಲ್ಲ’ ಎನ್ನುವವರಿಗೆ ಅದು ಕ್ಷಣಾರ್ಧದ ಕೆಲಸ. ‘ಹೌದು’ ಎನ್ನಬೇಕಾದವರ ದಾರಿ ಅಲ್ಲಿಂದಲೇ ಬೇರೆಯಾಗುತ್ತದೆ. ಆ ಬೇರೆ ದಾರಿ ಎಷ್ಟು ಉದ್ದವೆಂಬುದು ನನಗೆ ತಿಳಿದದ್ದು, ಅಂಥದೊಂದು ಅರ್ಜಿಯಲ್ಲಿ ‘ಭಾರತದಲ್ಲಿ ಪರಿಚಿತರು’ ಎಂಬ ಜಾಗದಲ್ಲಿ ಆರ್.ಟಿ. ನಗರದ ನಮ್ಮ ಮನೆಯ ವಿಳಾಸ ಸೇರಿದ ಮೇಲೆ.

ಉದ್ಯೋಗನಿಮಿತ್ತ ಎರಡು ವರ್ಷ ಇಂಗ್ಲೆಂಡಿನಲ್ಲಿದ್ದಾಗ ನೆರೆಮನೆಯ ಶಾಲಾ ಶಿಕ್ಷಕಿಯೊಬ್ಬರು ನನಗೆ ಸ್ನೇಹಿತೆಯಾದರು. ಹುಟ್ಟಿದ್ದು, ಬೆಳೆದದ್ದು, ಓದಿದ್ದು ಎಲ್ಲವೂ ಅಲ್ಲಿಯೇ. ಪಾಸ್‌ಪೋರ್ಟ್ ಬ್ರಿಟನ್ನಿನದು. ಆದರೆ ಅವರ ತಂದೆ ಜನಿಸಿದ್ದು 1946ರಲ್ಲಿ ನಮ್ಮ ಬೆಂಗಳೂರಿನ ದಂಡು ಪ್ರದೇಶದಲ್ಲಿ. 1950ರಲ್ಲಿ ಅಜ್ಜ ಸಂಸಾರಸಮೇತ ಕರಾಚಿಗೆ ಹೊರಟುಹೋದರು. ಇಲ್ಲಿಂದ ಹೋದವರು ನೆಲೆಸಿದ ‘ಬ್ಯಾಂಗಲೋರ್ ಟೌನ್’ ಎಂಬ ಬಡಾವಣೆ ಕರಾಚಿಯಲ್ಲಿ ಇಂದಿಗೂ ಇದೆ. ತಾರುಣ್ಯದಲ್ಲಿ ಬ್ರಿಟನ್ನಿಗೆ ಬಂದ ಆ ಹುಡುಗ ಅಲ್ಲಿಯ ಪ್ರಜೆಯಾಗಿ, ಈಗ ಎಂಬತ್ತರ ಆಸುಪಾಸಿನ ವೃದ್ಧ. ನಾಲ್ಕು ವರ್ಷದ ಮಗುವಿಗೆ ನೆನಪಿದ್ದುದು ಕಡಿಮೆ, ತಾಯಿಯಿಂದ ಕೇಳಿದ್ದೇ ಹೆಚ್ಚು. ಇಷ್ಟಾಗಿ ಅವರದು ಒಂದೇ ಆಸೆ. ಮಿಲ್ಲರ್ಸ್ ರಸ್ತೆಯ ಖುದ್ದೂಸ್ ಸಾಹೇಬ್ ಈದ್ಗಾದ ಬದಿಯ ಖಬರಸ್ತಾನದಲ್ಲಿ ಮಲಗಿರುವ ತಮ್ಮ ಅಜ್ಜನ ಸಮಾಧಿಯ ಮುಂದೆ ಮಗಳೊಡನೆ ಒಮ್ಮೆ ನಿಲ್ಲಬೇಕು. ನಮ್ಮ ಮನೆಯಿಂದ ಜಯಮಹಲ್ ದಾಟಿದರೆ ಸಿಗುವ ಜಾಗವದು.

ಇತರರಿಗೆ ಭಾರತದ ಬಾಗಿಲು ಈಗ ಬಹಳ ಸಲೀಸು. 2010ರಲ್ಲಿ ಐದು ದೇಶಗಳವರಿಗೆ ಮಾತ್ರ ಸಿಗುತ್ತಿದ್ದ ಆಗಮನ ವೀಸಾದ ಸೌಲಭ್ಯ, 2014ರ ನವೆಂಬರ್ 27ರಂದು 43 ದೇಶಗಳಿಗೆ, ಬೆಂಗಳೂರೂ ಸೇರಿದಂತೆ ಒಂಬತ್ತು ವಿಮಾನ ನಿಲ್ದಾಣಗಳಿಗೆ ವಿಸ್ತರಿಸಿತು. ಇ-ವೀಸಾ ಎಂದು ಹೆಸರಾದ ಮೇಲೆ ಪಟ್ಟಿ ಬೆಳೆಯುತ್ತಲೇ ಹೋಯಿತು. ಭಾವಚಿತ್ರ, ಪಾಸ್‌ಪೋರ್ಟಿನ ಪ್ರತಿ, ಶುಲ್ಕ, ಮಿಂಚಂಚೆಯಲ್ಲಿ ಒಪ್ಪಿಗೆ, ದೇವನಹಳ್ಳಿಯಲ್ಲಿ ಇಳಿದಾಗ ಬೆರಳಚ್ಚು. ನನ್ನ ಸ್ನೇಹಿತೆಯ ಶಾಲೆಯ ಸಹೋದ್ಯೋಗಿಗೆ ಇದೆಲ್ಲ ಮೂರೇ ದಿನದಲ್ಲಿ ಮುಗಿಯಿತು. ಪಾಕಿಸ್ತಾನ ಮೂಲದವರಿಗೆ ಮಾತ್ರ, ಅವರ ಪಾಸ್‌ಪೋರ್ಟ್ ಯಾವ ದೇಶದ್ದೇ ಇರಲಿ, ಇ-ವೀಸಾ ಇಲ್ಲ. ಅವರು ದೂತಾವಾಸಕ್ಕೆ ಸಾಮಾನ್ಯ ವೀಸಾದ ಅರ್ಜಿ ಸಲ್ಲಿಸಿ ಕಾಯಬೇಕು.

ಅಲ್ಲಿಯ ಏಜೆಂಟನೊಬ್ಬ, ‘ಇಲ್ಲ ಎಂದು ಗುರುತು ಹಾಕಿಬಿಡಿ, ಯಾರು ನೋಡುತ್ತಾರೆ’ ಎಂದು ಸಲಹೆ ಕೊಟ್ಟನಂತೆ. ಆಕೆ ಒಪ್ಪಲಿಲ್ಲ. ಮುತ್ತಜ್ಜನ ಸಮಾಧಿ ನೋಡಲು ಅಜ್ಜನನ್ನು ಅಲ್ಲಗಳೆದು ಹೋಗಲೇ ಎಂದು ನನ್ನನ್ನು ಕೇಳಿದರು.

ಅಲ್ಲಿಂದ ಕಾಗದಪತ್ರಗಳ ಕಾಲ. ಆಹ್ವಾನ ಪತ್ರ, ಆಧಾರ್ ಪ್ರತಿ, ವಿದ್ಯುತ್ ಬಿಲ್ಲು, ಮನೆಯ ತೆರಿಗೆ ರಸೀದಿಗಳನ್ನು ನಾನು ಕಳುಹಿಸಿದೆ. ಅತ್ತ ತಂದೆಯ ಜನ್ಮಸ್ಥಳದ ಹೆಸರೇ ತೊಡಕಾಯಿತು. ಹಳೆಯ ಕಾಗದವೊಂದರಲ್ಲಿ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂದಿದೆ, ಬೆಂಗಳೂರು ಎಂದಿಲ್ಲ. 1946ರಲ್ಲಿ ದಂಡು ಪ್ರದೇಶ ಮೈಸೂರು ಮಹಾರಾಜರ ಆಡಳಿತದಲ್ಲಿರಲಿಲ್ಲ. ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿತ್ತು. ಮೈಸೂರಿಗೆ ಅದು ಮರಳಿದ್ದು 1947ರ ಜುಲೈನಲ್ಲಿ, ನಗರದೊಡನೆ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಭಾರತ ಮತ್ತು ಪಶ್ಚಿಮ ಪಾಕಿಸ್ತಾನಗಳ ನಡುವೆ ಪರ್ಮಿಟ್ ಪದ್ಧತಿ ಬಂದದ್ದು 1948ರ ಜುಲೈನಲ್ಲಿ. ಪಾಸ್‌ಪೋರ್ಟ್, ವೀಸಾಗಳು 1952ರ ಅಕ್ಟೋಬರಿನಲ್ಲಿ. ಆರು ವರ್ಷ ತುಂಬುವುದರೊಳಗೆ ಆ ಬಾಲಕನ ಪಾಲಿಗೆ ಹುಟ್ಟಿದೂರಿನ ಸರ್ಕಾರವೂ ಬದಲಾಗಿ, ಆ ಊರೇ ವಿದೇಶವೂ ಆಗಿತ್ತು.

ಭದ್ರತೆಯ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವವರ ಪೈಕಿಯಲ್ಲ. 2008ರ ಮುಂಬೈ ದಾಳಿಗೆ ಮುನ್ನ ಜಾಗಗಳನ್ನು ಗುರುತಿಸಿಕೊಟ್ಟ ಡೇವಿಡ್ ಹೆಡ್ಲಿ ಅಮೆರಿಕದ ಪ್ರಜೆ. ಪಾಕಿಸ್ತಾನಿ ತಂದೆಯ ಮಗ. ದಾವೂದ್ ಗಿಲಾನಿ ಎಂಬ ಹೆಸರನ್ನು 2006ರಲ್ಲಿ ಬದಲಿಸಿಕೊಂಡು ನಮ್ಮ ವೀಸಾ ಪಡೆದಿದ್ದ. ಪರಿಶೀಲನೆ ಬಿಗಿಯಾದುದಕ್ಕೆ ಕಾರಣವಿದೆ. ಆದರೆ ಹೆಡ್ಲಿ ಸತ್ಯ ಮುಚ್ಚಿಟ್ಟು ಬಂದವನು. ಸತ್ಯ ಬರೆದವರನ್ನು ಬೇಕಾದಷ್ಟು ಶೋಧಿಸಲಿ. ಶೋಧನೆಗೊಂದು ಗಡುವು, ಕೊನೆಗೊಂದು ಉತ್ತರ ಇರಬೇಡವೇ? ಬೇಡವೆಂಬ ಉತ್ತರವೂ ಉತ್ತರವೇ.

ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ ಬೆಂಗಳೂರನ್ನು ಕಣ್ಣಿಂದ ಕಾಣದ ನಮ್ಮವರ ಮರಿಮಕ್ಕಳಿಗೂ ಸಾಗರೋತ್ತರ ಭಾರತೀಯರೆಂಬ ಕಾರ್ಡು ದೊರೆಯುತ್ತದೆ. ಬೆಂಗಳೂರಿನಲ್ಲಿಯೇ ಹುಟ್ಟಿದ ಈ ಹಿರಿಯರು ಒಮ್ಮೆ ಪಾಕಿಸ್ತಾನದ ಪ್ರಜೆಯಾಗಿದ್ದ ಕಾರಣ ಕಾನೂನಿನಂತೆ ಅದಕ್ಕೆ ಅರ್ಹರಲ್ಲ. ನಮ್ಮ ಮಕ್ಕಳು ಅಮೆರಿಕದ ವೀಸಾಕ್ಕೆಂದು ಚೆನ್ನೈಗೆ ಅಲೆದಾಗ ನಾವು ಪಟ್ಟುಕೊಂಡ ಸಂಕಟದಲ್ಲಿ ಒಂದು ಪಾಲನ್ನಾದರೂ ಇಂಥವರಿಗೆ ಮೀಸಲಿಡಬಹುದಿತ್ತು.

ವಯಸ್ಸಾದವರ ವಿಷಯ ಸರ್ಕಾರಗಳಿಗೆ ಹೊಳೆಯದೇ ಇರಲಿಲ್ಲ. ನಮ್ಮ ಎಸ್.ಎಂ. ಕೃಷ್ಣ ಅವರು ವಿದೇಶಾಂಗ ಸಚಿವರಾಗಿ 2012ರ ಸೆಪ್ಟೆಂಬರಿನಲ್ಲಿ ಇಸ್ಲಾಮಾಬಾದಿನಲ್ಲಿ ಸಹಿ ಹಾಕಿದ ಒಪ್ಪಂದದಲ್ಲಿ, 65 ದಾಟಿದವರಿಗೆ ಅಟ್ಟಾರಿಯಲ್ಲೇ ವೀಸಾ ಕೊಡುವ ಏರ್ಪಾಡಿತ್ತು. 2013ರ ಜನವರಿಯಲ್ಲಿ, ಜಾರಿಗೆ ಬರುವ ಹೊತ್ತಿಗೇ, ಗಡಿಯ ಉದ್ವಿಗ್ನತೆಯಿಂದ ಅದು ನಿಂತಿತು. ಆ ಏರ್ಪಾಡು ಪಾಕಿಸ್ತಾನದ ಪ್ರಜೆಗಳಿಗೆ ಸಂಬಂಧಿಸಿದ್ದು, ನಿಜ. 2025ರ ಏಪ್ರಿಲಿನ ಪಹಲ್ಗಾಮ್ ಹತ್ಯಾಕಾಂಡದ ಬಳಿಕ ಅಂಥ ಮಾತೆತ್ತುವುದೂ ಕಷ್ಟವಾಗಿದೆ. ಆದರೆ ವೃದ್ಧಾಪ್ಯವನ್ನು ಬೇರೆಯಾಗಿ ಪರಿಗಣಿಸುವ ಆ ವಿವೇಕವನ್ನು ಬ್ರಿಟನ್, ಕೆನಡಾಗಳ ಹಿರಿಯ ಪ್ರಜೆಗಳ ಅರ್ಜಿಗಳಿಗಾದರೂ ಅನ್ವಯಿಸಲು ಅಡ್ಡಿಯೇನು?

ಐದು ತಿಂಗಳ ಬಳಿಕ ಮಗಳ ವೀಸಾ ಬಂತು, ತಂದೆಯದು ಬರಲಿಲ್ಲ. ‘ನೀನಾದರೂ ಹೋಗಿ ಬಾ’ ಎಂದು ಅವರೇ ಕಳುಹಿಸಿಕೊಟ್ಟರು. ವಿದೇಶಿ ಅತಿಥಿ ಮನೆಯಲ್ಲಿ ತಂಗಿದರೆ 24 ಗಂಟೆಯೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕೆಂಬ ನಿಯಮ ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಬಂದ ರಾತ್ರಿಯೇ ಕಂಪ್ಯೂಟರಿನಲ್ಲಿ ಅದನ್ನು ತುಂಬಿದೆ. ಮರುದಿನ ಖಬರಸ್ತಾನದಲ್ಲಿ ಎರಡು ಗಂಟೆ ಹುಡುಕಿದೆವು. ಹಳೆಯ ಕಲ್ಲುಗಳ ಮೇಲಿನ ಅಕ್ಷರಗಳು ಅಳಿಸಿಹೋಗಿದ್ದವು. ಮುತ್ತಜ್ಜನ ಸಮಾಧಿ ಯಾವುದೆಂದು ಗೊತ್ತಾಗಲಿಲ್ಲ. ಮೊಬೈಲಿನಲ್ಲಿ ತಂದೆಗೆ ಆ ಸಾಲನ್ನೆಲ್ಲ ತೋರಿಸುತ್ತ ನಡೆದರು. ಬೇವಿನ ಮರದ ಹತ್ತಿರವೆಂದು ಅಮ್ಮ ಹೇಳುತ್ತಿದ್ದಳು, ನಾನು ಬಂದರೆ ಗುರುತು ಹಿಡಿದೇನು ಎಂದರು ಆ ಮುದುಕರು.

ಅವರ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ. ನಾನು ಕಳುಹಿಸಿದ್ದ ವಿದ್ಯುತ್ ಬಿಲ್ಲು ಹಳೆಯದಾಯಿತೆಂದು ಕಳೆದ ವಾರ ಹೊಸದೊಂದು ಪ್ರತಿ ಕೇಳಿದ್ದರು, ಕಳುಹಿಸಿದ್ದೇನೆ.