ಚಂದ್ರನಂಗಳದಲ್ಲಿ ದಾರಿ ತೋರುವವರಾರು?

ಬೆಂಗಳೂರು: ಭೂಮಿಯಿಂದ ಹೊರಟ ರೇಡಿಯೊ ಸಂಕೇತವು ಚಂದ್ರನನ್ನು ಮುಟ್ಟಿ ಮರಳಲು ಸುಮಾರು 2.6 ಸೆಕೆಂಡು ಬೇಕು. ನೆಲಕ್ಕಿಳಿಯುತ್ತಿರುವ ನೌಕೆಗೆ ಇದು ದೀರ್ಘ ಕಾಲ. ಆದ್ದರಿಂದ ಕೊನೆಯ ಸುಮಾರು 19 ನಿಮಿಷ ನೌಕೆಯೇ ತನ್ನ ಎತ್ತರ, ವೇಗ, ದಿಕ್ಕುಗಳನ್ನು ಅರಿತು ನಿರ್ಧರಿಸಬೇಕು. ಚಂದ್ರಯಾನ-2ರ ವಿಕ್ರಂ ಲ್ಯಾಂಡರ್ 2019ರ ಸೆಪ್ಟೆಂಬರ್ 7ರಂದು ಎಡವಿದ್ದು ಈ ಹಂತದಲ್ಲಿಯೇ.

ಲ್ಯಾಂಡರ್‌ನ ಮೂಲ ಪಥದರ್ಶಕವೆಂದರೆ ಲೇಸರ್ ಗೈರೊಸ್ಕೋಪ್ ಹಾಗೂ ವೇಗೋತ್ಕರ್ಷ ಮಾಪಕಗಳ ಪೆಟ್ಟಿಗೆ. ಹೊರಗಿನ ಯಾವುದನ್ನೂ ನೋಡದೆ, ತನ್ನ ಚಲನೆಯನ್ನು ತಾನೇ ಕೂಡುತ್ತಾ ಹೋಗುವುದು ಇದರ ಕ್ರಮ. ತೊಡಕು ಇರುವುದೂ ಅಲ್ಲಿಯೇ. ಇಳಿಕೆಯ ಮೊದಲ ಹಂತ 690 ಸೆಕೆಂಡುಗಳದು. ಮಾಪಕವು ವೇಗೋತ್ಕರ್ಷವನ್ನು ಸೆಕೆಂಡಿಗೆ ಸೆಕೆಂಡಿಗೆ ಕೇವಲ 1 ಮಿಲಿಮೀಟರ್‌ನಷ್ಟು ತಪ್ಪಾಗಿ ಓದಿದರೂ ಹಂತ ಮುಗಿಯುವಾಗ ಸ್ಥಾನದ ಲೆಕ್ಕ ಸುಮಾರು 238 ಮೀಟರ್ ತಪ್ಪಿರುತ್ತದೆ. ಹಾಗಾಗಿ ಎತ್ತರ ಅಳೆಯುವ ಸಾಧನಗಳು, ಕ್ಯಾಮೆರಾಗಳು ಅದನ್ನು ತಿದ್ದುತ್ತಿರಬೇಕು.

ವಿಕ್ರಂನ ಐದು ಎಂಜಿನ್‌ಗಳು ನಿರೀಕ್ಷೆಗಿಂತ ಹೆಚ್ಚು ನೂಕುಬಲ ನೀಡಿದವು, ದೋಷಗಳು ಕೂಡುತ್ತಾ ಹೋದವು ಎಂದು ಆಗಿನ ಇಸ್ರೊ ಅಧ್ಯಕ್ಷ ಎಸ್. ಸೋಮನಾಥ್ 2023ರಲ್ಲಿ ವಿವರಿಸಿದ್ದರು. ಬೇಗನೆ ತಿರುಗಿ ಸರಿಪಡಿಸಿಕೊಳ್ಳಲು ನೌಕೆಗೆ ವಿಧಿಸಿದ್ದ ಮಿತಿ ಅಡ್ಡಬಂತು. ಇಳಿಯಬೇಕಿದ್ದ ಜಾಗವೂ 500 ಮೀಟರ್ ಉದ್ದಗಲದ್ದು ಮಾತ್ರ.

ಚಂದ್ರಯಾನ-3ರಲ್ಲಿ ನೆಲಕ್ಕೆ ಲೇಸರ್ ಕಿರಣ ಬಿಟ್ಟು, ಮರಳಿದ ಬೆಳಕಿನ ಆವರ್ತನದ ವ್ಯತ್ಯಾಸದಿಂದ ವೇಗವನ್ನು ನೇರವಾಗಿ ಅಳೆಯುವ ಡಾಪ್ಲರ್ ಮಾಪಕವನ್ನು ಹೊಸದಾಗಿ ಸೇರಿಸಲಾಯಿತು. ಅಂತರಿಕ್ಷದಲ್ಲಿ ಪ್ರತಿ ಕಿಲೋಗೂ ಇಂಧನದ ಲೆಕ್ಕವಿದೆ; ಹೊಸ ಮಾಪಕ, ಗಟ್ಟಿ ಕಾಲು, ಹೆಚ್ಚಿನ ಇಂಧನಗಳ ಭಾರ ಬಂದಾಗ ನಡುವಿನ ಐದನೇ ಎಂಜಿನ್ ಹೊರಬಿತ್ತು. ಆದರೂ 1471 ಕಿಲೋ ಇದ್ದ ಲ್ಯಾಂಡರ್ ಈ ಬಾರಿ ರೋವರ್ ಸಹಿತ 1752 ಕಿಲೋ ತೂಗಿತು. ಹಗುರತನದ ಹಟವನ್ನು ಇಲ್ಲಿ ಸಡಿಲಿಸಿದ್ದು ವಿವೇಕವೇ ಸರಿ.

ಚಂದ್ರನ ಗುರುತ್ವ ಭೂಮಿಯ ಆರನೇ ಒಂದರಷ್ಟು, ಗಾಳಿಯಂತೂ ಇಲ್ಲ. ಅದನ್ನು ಇಲ್ಲಿ ಪೂರ್ತಿ ಅನುಕರಿಸಲಾಗದು. ಚಂದ್ರಯಾನ-2ರ ಸಿದ್ಧತೆಗೆ ಚಳ್ಳಕೆರೆ ಬಳಿ ಕೃತಕ ಕುಳಿಗಳನ್ನು ತೋಡಿ, ಅವುಗಳ ಮೇಲೆ ಸಂವೇದಕಗಳನ್ನು ವಿಮಾನದಲ್ಲಿ ಹಾರಿಸಲಾಗಿತ್ತು. ಮೂರನೆಯದಕ್ಕೆ ಸಂವೇದಕಗಳನ್ನು ಹೆಲಿಕಾಪ್ಟರ್‌ಗೆ ಕಟ್ಟಿ ಪಥದರ್ಶನ ಪರೀಕ್ಷಿಸಿದರೆ, ಎಂಜಿನ್ ಉರಿಸಿ ನಡೆಸಿದ ಪರೀಕ್ಷೆಯಲ್ಲಿ ಎತ್ತರದ ಕ್ರೇನ್ ಬಳಸಲಾಯಿತು.

2023ರ ಆಗಸ್ಟ್ 23ರ ಸಂಜೆ 6.04ಕ್ಕೆ ವಿಕ್ರಂ ನೆಲ ಮುಟ್ಟಿತು. ಸೆಪ್ಟೆಂಬರ್ 3ರಂದು ಎಂಜಿನ್‌ಗಳನ್ನು ಮತ್ತೆ ಉರಿಸಿ ಸುಮಾರು 40 ಸೆಂಟಿಮೀಟರ್ ಮೇಲೆದ್ದು, ಅಷ್ಟೇ ಹತ್ತಿರದಲ್ಲಿ ಮತ್ತೆ ಇಳಿಯಿತು.